ಆರು ಓಟು, ಮೂರು ಪಕ್ಷ, ಒಬ್ಬ ತಂಗಿ

ಗಜೇಂದ್ರಗಡ
ನವೆಂಬರ್ 3

ಚಿ. ಸೌ. ಮಾನವ್ವಳಿಗೆ ಅಣ್ಣ ಮುತ್ತಣ್ಣನ ಆಶೀರ್ವಾದ. ನಾವೆಲ್ಲ ಕ್ಷೇಮ. ಹೊಳೆಆಲೂರಿನಲ್ಲಿ ನೀನು, ನಿನ್ನ ಯಜಮಾನರು, ಸ್ಟೇಶನ್ ಮುಂದಿನ ನಿಮ್ಮ ಖಾನಾವಳಿ ಮತ್ತು ಖಾನಾವಳಿಯ ಬೆಕ್ಕು ಕ್ಷೇಮವೆಂದು ಭಾವಿಸಿ ಮುಂದುವರಿಯುತ್ತೇನೆ.

ವಿಷಯ: ಮನೆಯ ಓಟುಗಳ ಹಂಚಿಕೆ.

ಫೋನು ಇರುವಾಗ ಕಾಗದ ಏಕೆ ಎಂದು ಕೇಳಬೇಡ. ನಿನ್ನ ವೈನಿ ಅನ್ನಪೂರ್ಣಾಳಿಗೆ ಫೋನನ್ನು ಸ್ಪೀಕರಿಗೆ ಹಾಕಿ, ಒಲೆಯ ಪಕ್ಕದಲ್ಲಿಟ್ಟು, ರೊಟ್ಟಿ ಬಡಿಯುತ್ತ ಮಾತಾಡುವುದು ರೂಢಿ. ರೊಟ್ಟಿಯ ಸಪ್ಪಳದ ಮೇಲೆ ಕೇಳಬೇಕೆಂದು ಎಲ್ಲರೂ ಕೂಗಬೇಕು. ಆ ಅಡಿಗೆಮನೆಗೂ ಪಕ್ಕದ ನೀಲಪ್ಪನ ಪಡಸಾಲೆಗೂ ನಡುವೆ ಇರುವುದು ಒಂದೇ ಗೋಡೆ. ಹೋದ ವರ್ಷ ನೀಲಪ್ಪನ ಮೀಸೆಯ ಬಗ್ಗೆ ನೀನು ಆಡಿದ ಮಾತಿಗೆ ಆತ ಎರಡು ತಿಂಗಳು ನನ್ನೆದುರು ನಿಂತು ಮೀಸೆ ತೀಡಿದ. ಆದಕಾರಣ ಈ ಕಾಗದವನ್ನು ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ, ಕಂಡಕ್ಟರ್ ಉಮರನ ಕೈಯಲ್ಲಿ ಕಳಿಸಿದ್ದೇನೆ. ತಹಶೀಲ್ದಾರ ಕಚೇರಿಯ ಎದುರು ಮೂವತ್ತು ವರ್ಷ ಮಂದಿಯ ಅರ್ಜಿ ಬರೆದವನಿಗೆ ಇಷ್ಟಾದರೂ ಜಾಗ್ರತೆ ಬೇಡವೇ?

ಪುರಸಭೆಯ ಚುನಾವಣೆ ಡಿಸೆಂಬರ್ ಕೊನೆಗೆ ಎಂದು ಸುದ್ದಿ. ನಮ್ಮ ಹನ್ನೊಂದನೇ ವಾರ್ಡಿನಲ್ಲಿ ಮೂರು ಪಕ್ಷ, ಮೂವರು ಅಭ್ಯರ್ಥಿಗಳು. ಪಕ್ಷಗಳ ಹೆಸರು ಬರೆಯುವುದಿಲ್ಲ. ಅಭ್ಯರ್ಥಿಗಳಿಗೇ ಅವು ಇನ್ನೂ ಬಾಯಿಪಾಠವಾಗಿಲ್ಲ, ಭಾಷಣದ ನಡುವೆ ಹಳೆಯ ಪಕ್ಷದ ಹೆಸರು ಹೇಳಿ ನಾಲಿಗೆ ಕಚ್ಚಿಕೊಳ್ಳುತ್ತಾರೆ. ತೊಂದರೆ ಎಂದರೆ ಮೂವರೂ ನಮ್ಮವರು. ಒಬ್ಬ ನೀಲಪ್ಪ. ನಮ್ಮ ನಳದ ಪೈಪು ಅವನ ಹಿತ್ತಲಲ್ಲಿ ಹಾದು ಬರುತ್ತದೆ. ಇನ್ನೊಬ್ಬ ನನ್ನ ಗೆಳೆಯ ಸಲಾವುದ್ದೀನ. ಅವನ ಝೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆಯೇ ನನ್ನ ಮೇಜು, ಕುರ್ಚಿ, ಕಸುಬು. ಮತ್ತೊಬ್ಬ ಕಳಕೇಶ, ನಿನ್ನ ವೈನಿಯ ಖಾಸಾ ತಮ್ಮ, ನನ್ನ ಭಾವಮೈದುನ. ಅವನನ್ನು ಬಿಟ್ಟರೆ ನನಗೆ ಊಟ ಹಾಕುವವರು ಯಾರೆಂದು ನೀನೇ ಹೇಳು.

ದೇವರ ದಯದಿಂದ ಮನೆಯಲ್ಲಿ ಆರು ಓಟು. ನಾನೂ ಮಗಳು ದುರ್ಗಾಳೂ (ಹದಿನೆಂಟು ತುಂಬಿತು, ಇದು ಮೊದಲನೇ ಓಟು) ಸಲಾವುದ್ದೀನನಿಗೆ. ಅನ್ನಪೂರ್ಣಾ ಮತ್ತು ಸೊಸೆ ಕಳಕೇಶನಿಗೆ. ಅವ್ವ ಮತ್ತು ಮಗ ನೀಲಪ್ಪನಿಗೆ. ತಲಾ ಎರಡು. ಅವ್ವ ಮರಿಯವ್ವ ಹೋಳಿಗೆ ಹಂಚುವಾಗ ಕೂಡ ಇಷ್ಟು ಸಮ ಬರುತ್ತಿರಲಿಲ್ಲ. ನಿನ್ನ ತಾಟಿಗೆ ಯಾವಾಗಲೂ ಒಂದು ಹೆಚ್ಚು ಬೀಳುತ್ತಿತ್ತು. ನಾನು ಮರೆತಿಲ್ಲ.

ಇನ್ನು ನಿನ್ನ ವಿಷಯ. ಹೊಳೆ ಬಂದ ವರ್ಷ ನೀವು ನಮ್ಮಲ್ಲಿದ್ದಾಗ ನಿನ್ನ ಹೆಸರು ನಮ್ಮ ಮನೆಯ ನಂಬರಿಗೆ ಸೇರಿತ್ತು. ಅದು ಇನ್ನೂ ಇಲ್ಲೇ ಇದೆ. ಒಂದು ಓಟಿಗಾಗಿ ರೋಣದಲ್ಲಿ ಬಸ್ ಬದಲಿಸಿ ಇಷ್ಟು ದೂರ ಬರುವುದೆಂದರೆ ನಿನ್ನ ಮೊಣಕಾಲಿಗೆ ಎಷ್ಟು ತ್ರಾಸು! ಇದರ ಜೊತೆ ಹೆಸರು ವರ್ಗಾವಣೆಯ ನಮೂನೆ ಇಟ್ಟಿದ್ದೇನೆ. ಎಲ್ಲ ತುಂಬಿದ್ದೇನೆ. ನೀನು ಸಹಿ ಮಾಡಿದರೆ ಸಾಕು, ಆರಾಮಾಗಿ ಹೊಳೆಆಲೂರಿನಲ್ಲೇ ಓಟು ಹಾಕಬಹುದು. ನವೆಂಬರ್ ಇಪ್ಪತ್ತರವರೆಗೆ ಅವಕಾಶವಿದೆ.

ನಿನ್ನ ಮೊಣಕಾಲಿನ ಹಿತಚಿಂತಕ,
ಮುತ್ತಣ್ಣ

---

ಹೊಳೆಆಲೂರು
ನವೆಂಬರ್ 7

ಅಣ್ಣಾ,

ಕಾಗದ ಮುಟ್ಟಿತು. ಅಂಟಿನ ಮೇಲಿನ ಸಹಿ ಹರಿಯಬಾರದೆಂದು ಕವರನ್ನು ಇನ್ನೊಂದು ಬದಿಯಿಂದ ಹರಿದೆ. ಉಮರ ಅದನ್ನು ಅಂಗಿಯೊಳಗಿಂದ ತೆಗೆದು ಕೊಟ್ಟು, "ಅಕ್ಕಾರ, ಟಿಕೀಟಿನ ಚೀಲದಾಗ ಇಡಬ್ಯಾಡ, ಎದಿಗೆ ಹಚ್ಚಿಕೊಂಡು ಒಯ್ಯಿ ಅಂದಾರ ನಿಮ್ಮಣ್ಣಾರು. ಏನೈತ್ರಿ ಇದರಾಗ? ಮನಿ ಪಾಲೇನ್ರಿ?" ಎಂದ. "ಹೌದಪಾ, ಪಾಲ ಮಾಡಾಕತ್ತಾರ. ಆರು ಪಾಲು," ಅಂದೆ.

ನನ್ನ ಮೊಣಕಾಲು ನೋಯುವುದಕ್ಕೆ ಹತ್ತಿ ಹನ್ನೊಂದು ವರ್ಷವಾಯಿತು. ನಿನಗೆ ಈ ತಿಂಗಳು ತಿಳಿಯಿತು. ಸಂತೋಷ. ಆದರೆ ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವಾಗ ಮಡಚಿಯೇ ಇರುವ ಕಾಲು, ಬಸ್ಸಿನ ಸೀಟಿನಲ್ಲಿ ಅದಕ್ಕಿಂತ ಹೆಚ್ಚೇನೂ ನೋಯುವುದಿಲ್ಲ. ನೀನು ನಿಶ್ಚಿಂತೆಯಿಂದಿರು.

ಹೊಳೆ ಬಂದ ವರ್ಷ ನನಗೂ ನೆನಪಿದೆ. ರಾತ್ರಿ ಉಟ್ಟ ಸೀರೆಯಲ್ಲಿ ಹೊರಟವರು ನಾವು. ರೇಶನ್ ಕಾರ್ಡು ಹೋಯಿತು, ಮನೆಯ ಉತಾರೆ ಪತ್ರ ಹೋಯಿತು, ಮದುವೆಯ ಫೋಟೋ ಹೋಯಿತು. ಕಚೇರಿಯವರು "ನೀವು ಯಾರಂತ ಏನೈತಿ ಪುರಾವೆ?" ಎಂದು ಕೇಳಿದಾಗ ನೀನೇ ಮೇಜಿನ ಮೇಲೆ ಬಾಗಿ, ದುಂಡಗಿನ ಅಕ್ಷರದಲ್ಲಿ ಅರ್ಜಿ ಬರೆದೆ: "ಇವಳು ನನ್ನ ತಂಗಿ, ನನ್ನ ಮನೆಯಲ್ಲಿಯೇ ಇರತಕ್ಕವಳು." ಆಮೇಲೆ ಬಂದ ಕಾರ್ಡಿನಲ್ಲಿ ನನ್ನ ಫೋಟೋ, ನಿನ್ನ ಮನೆಯ ನಂಬರು. ಈಗಲೂ ಶ್ರಾವಣದಲ್ಲಿ ಹೊಳೆ ಏರಿದರೆ ನಾವು ಎರಡು ತಿಂಗಳು ಬರುವುದು ಅಲ್ಲಿಗೇ. ನನ್ನ ಟ್ರಂಕು ಇನ್ನೂ ನಿಮ್ಮ ಅಟ್ಟದ ಮೇಲೆ ಇದೆ. ಟ್ರಂಕು ವರ್ಗಾಯಿಸುವ ನಮೂನೆ ಇದ್ದರೆ ಅದನ್ನೂ ತುಂಬಿ ಕಳಿಸು, ಒಟ್ಟಿಗೇ ಸಹಿ ಮಾಡುತ್ತೇನೆ.

ನಿನ್ನ ನಮೂನೆಯ ಕಾಗದ ಗಟ್ಟಿ ಇದೆ. ಅದರಲ್ಲೇ ಶೇಂಗಾ ಚಟ್ನಿಪುಡಿ ಕಟ್ಟಿ ಉಮರನ ಕೈಯಲ್ಲಿ ಕೊಟ್ಟಿದ್ದೇನೆ. ಅವ್ವನಿಗೆ ಖಾರ ಕಡಿಮೆ ಹಾಕಿದ್ದು, ಮೇಲಿನ ಪೊಟ್ಟಣ.

ಓಟಿನ ದಿನ ಬರುತ್ತೇನೆ.

ಮಾನವ್ವ

---

ಗಜೇಂದ್ರಗಡ
ನವೆಂಬರ್ 14

ಚಿ. ಸೌ. ಮಾನವ್ವಳಿಗೆ ಆಶೀರ್ವಾದ.

ವಿಷಯ: ನವೆಂಬರ್ 7ರ ನಿನ್ನ ಪತ್ರದಲ್ಲಿನ ತಪ್ಪು ತಿಳಿವಳಿಕೆಗಳು.

ಚಟ್ನಿಪುಡಿ ಚೆನ್ನಾಗಿತ್ತು. ನಮೂನೆಯ ಮೇಲೆ ಎಣ್ಣೆ ಹರಡಿ ನಿನ್ನ ಹೆಸರಷ್ಟೇ ಓದಲು ಬರುತ್ತದೆ. ಇದರ ಜೊತೆ ಎರಡನೆಯ ನಮೂನೆ ಇಟ್ಟಿದ್ದೇನೆ. ಸಹಿ ಮಾಡುವಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ.

ನೀನು ಇದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣುತ್ತದೆ. ವರ್ಗಾವಣೆಯಾಗುವುದು ಹೆಸರು, ನೀನಲ್ಲ. ವರ್ಷದ ಹತ್ತು ತಿಂಗಳು ಎಲ್ಲಿ ವಾಸವೋ ಅಲ್ಲಿಯೇ ಹೆಸರಿರಬೇಕೆಂಬುದು ನಿಯಮ. ನಿಯಮ ನಾನು ಮಾಡಿದ್ದಲ್ಲ. ಮೂವತ್ತು ವರ್ಷದಿಂದ ಅದರ ನೆರಳಿನಲ್ಲಿ ಕೂತು ಉಂಡಿದ್ದೇನೆ, ಅಷ್ಟೇ.

ಇಲ್ಲಿ ಹಂಚಿಕೆಯ ತಾಲೀಮು ನಡೆದಿದೆ. ರಟ್ಟಿನ ಮೇಲೆ ಮೂರು ಟಿಕಳಿ ಅಂಟಿಸಿ ಮಷೀನು ಮಾಡಿದ್ದೇನೆ. ಕೆಂಪು ನೀಲಪ್ಪ, ಹಸಿರು ಕಳಕೇಶ, ಹಳದಿ ಸಲಾವುದ್ದೀನ. ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಸಾಲಾಗಿ ನಿಂತು ತಮ್ಮ ಪಾಲಿನ ಟಿಕಳಿ ಒತ್ತಬೇಕು. ಒತ್ತಿದಾಗ ನಾನು "ಪೀಂ" ಎನ್ನುತ್ತೇನೆ. ಮಗ, ಸೊಸೆ ಪಾಸು. ದುರ್ಗಾ, "ಅಪ್ಪಾ, ನನ್ನ ಮೊದಲನೇ ಓಟು ನಾನ ವಿಚಾರ ಮಾಡಿ ಹಾಕಬೇಕಲ್ಲ?" ಎಂದು ಪ್ರಶ್ನೆ ಎತ್ತಿದಳು. "ವಿಚಾರ ನಾ ಮಾಡೇನಿ, ನೀ ಹಾಕು," ಅಂದೆ. ಅವ್ವ ಮೂರೂ ಟಿಕಳಿ ಕಿತ್ತು ಕೆಂಪನ್ನು ದುರ್ಗಾಳ ಹಣೆಗೆ ಹಚ್ಚಿದಳು. ತಾಲೀಮು ಮುಂದುವರಿಯಲಿದೆ.

ಒಂದು ಸೂಚನೆ: ನಮ್ಮ ಕಡೆಯವರು ಯಾರಾದರೂ ನಿನ್ನ ಖಾನಾವಳಿಗೆ ಬಂದರೆ ಊಟ ಬಡಿಸು, ಮಾತು ಬಡಿಸಬೇಡ.

ಮುತ್ತಣ್ಣ

---

ಗಜೇಂದ್ರಗಡ
ನವೆಂಬರ್ 19

ಮಾನವ್ವಾ, ನಾಳೆ ಕೊನೆಯ ದಿನ. ಉಮರ ಖಾಲಿ ಕೈಯಲ್ಲಿ ಬಂದ. ಕೇಳಿದರೆ "ಅಕ್ಕಾರು ನಕ್ಕರು" ಎನ್ನುತ್ತಾನೆ. ನಗು ಸಹಿ ಆಗುವುದಿಲ್ಲ. ಲಗೂ ಕಳಿಸು.

ಮು.

---

ಹೊಳೆಆಲೂರು
ನವೆಂಬರ್ 29

ಅಣ್ಣಾ,

ಪಟ್ಟಿ ಮುಚ್ಚಿತೆಂದು ಪೇಪರಿನಲ್ಲಿ ಓದಿದೆ. ಇನ್ನು ಉತ್ತರ ಬರೆಯಲು ತೊಂದರೆಯಿಲ್ಲ. ಎರಡನೆಯ ನಮೂನೆ ಬೆಕ್ಕಿನ ಕೆಳಗಿದೆ. ಅದು ಮೂರು ಮರಿ ಹಾಕಿದೆ, ಎಬ್ಬಿಸಲಾರೆ.

ನೀನು ಹೇಳಿದಂತೆ ನಿಮ್ಮ ಕಡೆಯವರು ಬಂದರು. ಒಬ್ಬರಲ್ಲ, ಮೂವರು. ಬಡಿಸಿದೆ. ಮಾತು ಅವರೇ ತಂದಿದ್ದರು.

ಮೊದಲು ನೀಲಪ್ಪ. ಐದು ರೊಟ್ಟಿ ಉಂಡು, ಮೀಸೆ ಒರೆಸಿಕೊಂಡು, "ತಂಗೀ, ಹಳೇದೆಲ್ಲ ಮರತೇನಿ. ನಿನ್ನ ಓಟು ನನಗ ಅಂತ ಅಣ್ಣ ಬರದ ಕೊಟ್ಟಾನ. ಭಾಳ ಉಪಕಾರ ಆತು," ಎಂದ. ನಾನು ಮೀಸೆಯನ್ನು ಹೊಗಳಿ ಕಳಿಸಿದೆ. ಎರಡು ದಿನ ಬಿಟ್ಟು ಕಳಕೇಶ. "ಅಕ್ಕಾರ, ಏಳನೇದು ನಂದು ಅಂತ ಮಾವಾರು ಬರದ ಕೊಟ್ಟಾರ್ರಿ. ಅದರಾಗ ಅವರ ಸಹಿ ನೋಡ್ರಿ, ಎಷ್ಟ ಠೀವೀಲೆ ಐತಿ! ಆ ಇಬ್ಬರಿಗೂ ಗೊತ್ತಾಗಬಾರದು ನೋಡ್ರಿ ಮತ್ತ." ನಗು ತಡೆಯಲು ಸೆರಗು ಬಾಯಿಗೆ ಹಿಡಿದು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ನಿನ್ನೆ ಸಲಾವುದ್ದೀನ ಅಣ್ಣ ಬಂದ. ಉಂಡಾದ ಮೇಲೆ ಜೇಬಿನಿಂದ ಎರಡು ಕಾಗದ ತೆಗೆದು ತಾಟಿನ ಎರಡೂ ಬದಿಗೆ ಇಟ್ಟ.

"ಮಾನವ್ವಾ, ಇದು ನಿಮ್ಮಣ್ಣ ನನಗ ಬರದ ಕೊಟ್ಟ ಮಾತು. ಇದು ನೀಲಪ್ಪಗ ಬರದ ಕೊಟ್ಟ ಮಾತು. ಓದು."

ಓದಿದೆ. "ನಮ್ಮ ಮನೆಯ ಏಳು ಓಟುಗಳ ಪೈಕಿ ಎರಡು ಈಗಾಗಲೇ ತಮಗೆ ಮೀಸಲಿದ್ದು, ಏಳನೆಯದಾದ ನನ್ನ ತಂಗಿ ಮಾನವ್ವಳ ಓಟನ್ನು ಸಹ ತಮಗೇ ಕೊಡಿಸುವುದಾಗಿ ಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟಿರುತ್ತೇನೆ." ಎರಡರಲ್ಲೂ ಅದೇ. ಹೆಸರು ಮಾತ್ರ ಬೇರೆ.

"ನೀಲಪ್ಪಂದು ನಿನಗ ಹ್ಯಾಂಗ ಸಿಕ್ತೋ ಅಣ್ಣಾ?"

"ಹ್ಯಾಂಗ ಅಂದ್ರ! ಎಲ್ಲಾ ಕಾಗದದ್ದೂ ಒಂದೊಂದು ನಕಲು ಇಟ್ಕೊಳ್ಳೋದು ನಿಮ್ಮಣ್ಣನ ಚಟ. ಝೆರಾಕ್ಸ್ ಮಾಡಿಸಾಕ ನನ್ನ ಅಂಗಡಿಗೇ ಬಂದ. ನಕಲು ತೊಗೊಂಡು ಹೋದ, ಅಸಲು ಮಷೀನಿನ ಮುಚ್ಚಳದ ಕೆಳಗ ಬಿಟ್ಟ. ನೀಲಪ್ಪಗ ಕೊಟ್ಟಿದ್ದು ನಕಲು. ಪಾಪ, ಅಂವ ಅದನ್ನ ಜಗಲಿ ಮ್ಯಾಲ ದೇವರ ಫೋಟೋದ ಹಿಂದ ಇಟ್ಟಾನಂತ!"

ಇಷ್ಟು ಹೇಳಿ ಸಲಾವುದ್ದೀನ ಅಣ್ಣ ನಕ್ಕ ನಗುವಿಗೆ ಪ್ಯಾಸೆಂಜರ್ ರೈಲು ಬಂತೆಂದು ಇಬ್ಬರು ಗಿರಾಕಿಗಳು ಎದ್ದು ಓಡಿದರು. ಅವನಿಗೆ ನಿನ್ನ ಮೇಲೆ ಸಿಟ್ಟಿಲ್ಲ. "ಆತಗ ಇಲ್ಲ ಅನ್ನಾಕ ಬರಾಂಗಿಲ್ಲ, ಸಣ್ಣಾಂವ ಇದ್ದಾಗಿಂದ," ಎಂದ.

ಈಗ ನನ್ನ ಮೊಣಕಾಲಿನ ಮೇಲಿನ ಪ್ರೀತಿಗೆ ಕಾರಣ ತಿಳಿಯಿತು. ನನ್ನ ಹೆಸರೇ ಇಲ್ಲಿಗೆ ವರ್ಗವಾಗಿದ್ದರೆ ಮೂವರಿಗೂ ಕೊಟ್ಟ ಮಾತಿನಿಂದ ನೀನು ಪಾರಾಗುತ್ತಿದ್ದೆ. ನನ್ನ ಓಟನ್ನು ನೀನು ಮೂರು ಮಂದಿಗೆ ಕೊಟ್ಟದ್ದಕ್ಕೆ ಬೇಸರವಿಲ್ಲ, ಅಣ್ಣಾ. ಒಂದು ರೊಟ್ಟಿಯನ್ನು ಮೂರು ತಾಟಿಗೆ ಬಡಿಸಿ ನನಗೂ ರೂಢಿಯಿದೆ. ಒಂದು ಲೆಕ್ಕ ಮಾತ್ರ ತಾಳೆಯಾಗಲಿಲ್ಲ. ಅವರಿಗೆ ಬರೆದುಕೊಡುವಾಗ "ನಮ್ಮ ಮನೆಯ ಏಳು ಓಟು". ನನಗೆ ಬರೆಯುವಾಗ "ದೇವರ ದಯದಿಂದ ಮನೆಯಲ್ಲಿ ಆರು".

ಮಾನವ್ವ

---

ಗಜೇಂದ್ರಗಡ
ಡಿಸೆಂಬರ್ 2

ಮಾನವ್ವಾ,

ಈ ಸಲ "ವಿಷಯ" ಎಂದು ಬರೆಯಲು ಎರಡು ಸಲ ಪೆನ್ನು ಎತ್ತಿ ಇಳಿಸಿದೆ.

ಸಲಾವುದ್ದೀನ ಹೇಳಿದ್ದು ಖರೇ. ನೀಲಪ್ಪ ಬಂದು "ಮಾನವ್ವಂದೂ ನನಗ ಹಾಕಸ್ತಿಯಲ್ಲ?" ಎಂದಾಗ ಹೂಂ ಅಂದೆ. ಬಾಯಿಮಾತು ಸಾಲದು ಎಂದ, ಬರೆದುಕೊಟ್ಟೆ. ಅದನ್ನು ಕಂಡು ಮಿಕ್ಕಿಬ್ಬರೂ ಕೇಳುತ್ತಾರೆಂದು ಹೆದರಿ, ಅವರು ಕೇಳುವ ಮೊದಲೇ ಅವರಿಗೂ ಬರೆದುಕೊಟ್ಟೆ. ಮೂವತ್ತು ವರ್ಷ ಬೇರೆಯವರ ಪರವಾಗಿ "ತಾವು ದಯಮಾಡಿ" ಎಂದು ಬರೆದವನಿಗೆ ಸ್ವಂತಕ್ಕೆ "ಆಗುವುದಿಲ್ಲ" ಎಂದು ಹೇಳುವ ಒಕ್ಕಣೆ ಗೊತ್ತಿಲ್ಲ.

ಸಲಾವುದ್ದೀನ ಈಗ ದಿನಾ ಬೆಳಿಗ್ಗೆ ಅಂಗಡಿ ತೆರೆದು, ಮಷೀನಿನ ಮುಚ್ಚಳ ಎತ್ತಿ, "ಮುತ್ತಣ್ಣಾ, ಇವತ್ತೇನಾದ್ರೂ ಬಿಟ್ಟೀಯೇನಪಾ?" ಎಂದು ಕಟ್ಟೆಗೆಲ್ಲ ಕೇಳುವಂತೆ ಕೂಗುತ್ತಾನೆ. ಉಳಿದಿಬ್ಬರಿಗೆ ಇನ್ನೂ ತಿಳಿದಿಲ್ಲ. ನೀನು ಬಂದರೆ ಮೂವರ ಏಜೆಂಟರೂ ನಿನ್ನ ಮುಖ ನೋಡುತ್ತಾರೆ. ಬರದಿದ್ದರೆ ಮೂವರೂ ನನ್ನ ಮುಖ ನೋಡುತ್ತಾರೆ. ಬಾ ಎನ್ನಲಾರೆ, ಬರಬೇಡ ಎನ್ನಲಾರೆ. ನೀನೇ ಏನಾದರೊಂದು ಅರ್ಥ ಮಾಡಿಕೋ.

ಆರು ಎಂದು ಬರೆದದ್ದು ಭಾಗಾಕಾರ ಸರಿಹೋಗಲೆಂದು. ಬೇರೆ ಏನೂ ಇಲ್ಲ.

ಮುತ್ತಣ್ಣ

---

ಹೊಳೆಆಲೂರು
ಡಿಸೆಂಬರ್ 29

ಅಣ್ಣಾ,

ಮೊನ್ನೆ ಓಟಿನ ದಿನ ಅಷ್ಟು ಮಂದಿಯ ನಡುವೆ ಮಾತಾಡಲಾಗಲಿಲ್ಲ. ನೀನೂ ನನ್ನ ಕಣ್ಣು ತಪ್ಪಿಸಿ ಪಾಳಿಯುದ್ದಕ್ಕೂ ಓಡಾಡುತ್ತಿದ್ದೆ, ಮಗಳ ಮದುವೆಯಲ್ಲಿ ಅಡಿಗೆ ಸಾಲದೆ ಹೋದವರ ಹಾಗೆ.

ಅವ್ವನ ಕಥೆ ನನಗೆ ತಿರುಗಿ ಬರುವಾಗ ಬಸ್ಸಿನಲ್ಲೂ ನಗು ತರಿಸಿತು, ಈಗಲೂ ತರಿಸುತ್ತದೆ. ಎರಡು ತಿಂಗಳ ತಾಲೀಮು, ಪೀಂ ಪೀಂ! ಕೊನೆಗೆ ಬೂತಿನ ಬಾಗಿಲಲ್ಲಿ, ಮೂರು ಪಕ್ಷದ ಏಜೆಂಟರ ಎದುರು, ಗಾಲಿ ಕುರ್ಚಿಯಲ್ಲಿ ಕೂತು ಎಂಥ ದನಿ ತೆಗೆದಳು: "ಮುತ್ತಣ್ಣಾ! ನಾ ಯಾರ ಪಾಲಿಗೆ ಬಂದೇನೋ? ನೀಲಪ್ಪಗೋ, ಸಾಬರಿಗೋ, ನಿನ್ನ ಹೇಣ್ತಿ ತಮ್ಮಗೋ? ಮರತ ಹೋತಲ್ಲೋ ನನ್ನಪ್ಪಾ!" ಪಾಳಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಪೊಲೀಸಪ್ಪ ಟೋಪಿ ಮುಖಕ್ಕೆ ಹಿಡಿದುಕೊಂಡ. ನೀನು ನಳದ ಕಡೆ ಹೋದೆ. ಆಮೇಲೆ ಒಳಗೆ ಅವಳು ಯಾವುದನ್ನು ಒತ್ತಿದಳೆಂದು ಕೇಳಿದೆ. "ಚಂದ ಕಂಡದ್ದು," ಎಂದಳು.

ನನ್ನ ಪಾಳಿ ಬಂತು. ಪಟ್ಟಿ ಹಿಡಿದು ಕೂತವರು ಏಜೆಂಟರಿಗೆ ಕೇಳುವಂತೆ ಕ್ರಮಸಂಖ್ಯೆ ಓದಿದರು, ಹೆಸರು ಓದಿದರು. "ಮಾನವ್ವ." ನಾನು ಚೀಟಿ ಮುಂದೆ ಹಿಡಿದು, "ಮನಿ ನಂಬರೂ ಓದ್ರಿ ಸರ," ಎಂದೆ.

"ಅರವತ್ತೇಳು."

"ಇನ್ನೊಮ್ಮೆ ಓದ್ರಿ."

"ಯಾಕವ್ವಾ? ತಪ್ಪೈತೇನು?"

"ಇಲ್ರಿ. ಬರೋಬ್ಬರಿ ಐತಿ. ಅದಕ್ಕ."

ನೀಲಪ್ಪನ ಏಜೆಂಟ ನನ್ನನ್ನು ನೋಡಿ ನಕ್ಕ. ಕಳಕೇಶನ ಏಜೆಂಟ ಕಣ್ಣು ಹೊಡೆದ, ಅವನ ವಯಸ್ಸಿಗೆ ಅದು ಶೋಭಿಸುವುದಿಲ್ಲ. ಸಲಾವುದ್ದೀನ ಅಣ್ಣನ ಏಜೆಂಟ ನಗು ತಡೆಯಲಾರದೆ ಬಾಯಿ ಮುಚ್ಚಿಕೊಂಡು ಬಿಕ್ಕುತ್ತಿದ್ದ. ಅವನಿಗೆ ಝೆರಾಕ್ಸಿನ ಕಥೆ ಗೊತ್ತಿದೆ. ಮೂವರಿಗೂ ನಾನು ಒಂದೇ ಅಳತೆಯ ನಗು ಕೊಟ್ಟು ಒಳಗೆ ಹೋದೆ. ಏನು ಒತ್ತಿದೆನೆಂದು ನೀನು ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ. ನಾನು ಅಷ್ಟು ದೂರ ಬಂದದ್ದು ಒತ್ತಲು ಅರ್ಧ, ಓದಿಸಿಕೊಳ್ಳಲು ಅರ್ಧ.

ಮಧ್ಯಾಹ್ನ ಸೀರೆ ಬದಲಿಸಲು ಅಟ್ಟ ಹತ್ತಿದೆ. ನನ್ನ ಟ್ರಂಕಿಗೆ ಯಾರೋ ಹೊಸ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತ ಹುರಿ ಕಟ್ಟಿದ್ದಾರೆ. ಗಂಟು ಅರ್ಜಿಯ ಕಡತಕ್ಕೆ ಹಾಕುವ ಗಂಟು. ಯಾರೆಂದು ನಾನು ಯಾರನ್ನೂ ಕೇಳಲಿಲ್ಲ.

ಮಾನವ್ವ

---

ಗಜೇಂದ್ರಗಡ
ಜನವರಿ 20

ಮಾನವ್ವಾ,

ಫಲಿತಾಂಶ ನಿನ್ನ ವೈನಿ ಫೋನಿನಲ್ಲಿ ಕೂಗಿದ್ದಾಳೆ. ಗೋಡೆಯಾಚೆಯ ನೀಲಪ್ಪನೂ ಕೇಳಿರುತ್ತಾನೆ. ಕಳಕೇಶ ಗೆದ್ದ. ಒಂದಲ್ಲ, ಎರಡಲ್ಲ, ಇನ್ನೂರ ಹದಿನಾಲ್ಕು ಓಟಿನಿಂದ. ನಮ್ಮ ಮನೆಯವರೆಲ್ಲ ಅವತ್ತು ಎಳೆ ಜೋಳದ ಸೀತನಿ ತಿನ್ನಲು ಹೊಲಕ್ಕೆ ಹೋಗಿದ್ದರೂ ಗೆಲ್ಲುತ್ತಿದ್ದ. ನಾನು ಎರಡು ತಿಂಗಳು ನಿದ್ದೆಗೆಟ್ಟು ಮಾಡಿದ ಭಾಗಾಕಾರವನ್ನು ಈ ವಾರ್ಡು ಕಣ್ಣೆತ್ತಿ ಸಹ ನೋಡಲಿಲ್ಲ.

ಆದರೂ ನನ್ನ ಮರ್ಯಾದೆ ಉಳಿಯಿತು. ಕಳಕೇಶ ಫೇಡೆ ತಂದು, "ಮಾವಾರ, ನಿಮ್ಮ ಮೂರು ಓಟಿನ ಬಲ," ಎಂದ. ಸಂಜೆ ನೀಲಪ್ಪ ಬಂದು, "ಸೋತರೂ ಚಿಂತಿಲ್ಲ, ಮುತ್ತಣ್ಣ, ನಿಮ್ಮ ಮೂರು ಮಾತ್ರ ನನಗ ತಪ್ಪಿಲ್ಲ," ಎಂದು ಕಣ್ಣು ಒರೆಸಿಕೊಂಡ. ನಳದ ನೀರು ಬರುತ್ತಿದೆ. ಸಲಾವುದ್ದೀನ ಆ ಎರಡು ಕಾಗದಗಳನ್ನು ಲ್ಯಾಮಿನೇಶನ್ ಮಾಡಿಸಿ ನನ್ನ ಮೇಜಿನ ಮೇಲೆ ಇಟ್ಟ. "ಮುಂದಿನ ಸಲ ಹೆಸರಷ್ಟೇ ಬದಲಿ ಮಾಡು, ಬರಿಯೋ ತ್ರಾಸು ಉಳಿತೈತಿ," ಎಂದ.

ಮೊನ್ನೆ ಒಂದು ಘಟನೆ ನಡೆಯಿತು. ಅದನ್ನು ತಿಳಿಸಲೆಂದೇ ಈ ಕಾಗದ. ಪಟ್ಟಿಯ ಪರಿಷ್ಕರಣೆಗೆಂದು ಅಂಗನವಾಡಿಯ ಟೀಚರ್ ಗುಲ್ಷನ ಮನೆಮನೆಗೆ ಬರುತ್ತಿದ್ದಾಳೆ. ನಮ್ಮ ಬಾಗಿಲಿಗೂ ಬಂದಳು. ಪಡಸಾಲೆಯಲ್ಲಿ ಕೂತು ವಹಿ ಬಿಚ್ಚಿ ಓದುತ್ತಾ ನಿನ್ನ ಹೆಸರಿಗೆ ಬಂದು ನಿಂತಳು.

"ಕಾಕಾರ, ಇವರು ಇಲ್ಲಿ ಇರ್ತಾರೇನ್ರಿ? ತಗದ ಹಾಕಲೇನು?"

ಪೆನ್ನು ನಿನ್ನ ಹೆಸರಿನ ಮೇಲೆ ನಿಂತಿತ್ತು. ನಿಯಮ ಏನೆಂದು ಈ ಓಣಿಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಒಳಗಿನಿಂದ ಅವ್ವನ ದನಿ ಬಂತು: "ಆಕೀ ಟ್ರಂಕ್ ಅಟ್ಟದ ಮ್ಯಾಲ ಐತಿ ನೋಡವಾ! ಬೇಕಾದ್ರ ಹತ್ತಿ ನೋಡು!" ಟೀಚರ್ ಅಟ್ಟದ ಕಡೆ ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು.

"ಮತ್ತ ಮನ್ಯಾಗ ಒಟ್ಟು ಎಷ್ಟು ಮಂದಿ ಅಂತ ಬರೀಲಿ?"

ಮಾನವ್ವಾ, ನನ್ನ ಜನ್ಮದಲ್ಲಿ ಮೊದಲ ಸಲ ಒಬ್ಬರು ಕೇಳಿದ್ದಕ್ಕೆ ನಾನು ಆಚೀಚೆ ನೋಡದೆ, ಬರೆದುಕೊಡದೆ, ನಕಲು ಇಟ್ಟುಕೊಳ್ಳದೆ ಉತ್ತರ ಹೇಳಿದೆ.

"ಏಳು," ಅಂದೆ.

ಶ್ರಾವಣದಲ್ಲಿ ಹೊಳೆ ಏರುವ ಮೊದಲೇ ಬಂದುಬಿಡಿ. ಬೆಕ್ಕನ್ನೂ ತನ್ನಿ.

ಮುಂದಿನ ಚುನಾವಣೆಗೂ ಪಕ್ಷಗಳು ಮೂರೇ ಎಂದು ಸುದ್ದಿ. ಏಳನ್ನು ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಉಳಿಯಲಿ.

ನಿನ್ನ ಅಣ್ಣ,
ಮುತ್ತಣ್ಣ
ಮನೆ ನಂ. 67